ಕೊನೆಯ ಸಾಲು ಕೇಳುವವರದು

"ಯಾರು ಬರದಾರ ಇದನ್ನ?"

ಅವನು ಯಾರ ಮುಖ ನೋಡಿಯೂ ಕೇಳಲಿಲ್ಲ. ಎದುರಿಗಿದ್ದ ಕಂಪ್ಯೂಟರ್ ಪರದೆಯನ್ನು ನೋಡುತ್ತ, ಮೆಲ್ಲಗೆ, ತನಗೆ ತಾನೇ ಎಂಬಂತೆ ಕೇಳಿದ.

ಆದರೆ ಪ್ಲೈವುಡ್ ಗೋಡೆಯ ಈಚೆ, ಮೂರನೇ ಕ್ಯಾಬಿನ್ನಿನಲ್ಲಿ ಕುಳಿತಿದ್ದ ಐಶ್ವರ್ಯಳ ಬೆರಳು ಮೌಸ್ ಮೇಲೆ ಹಾಗೇ ನಿಂತುಬಿಟ್ಟಿತು.

ಆ ದನಿ!

ಹದಿನೈದು ದಿನಗಳ ಹಿಂದೆ ಬಸವಕಲ್ಯಾಣದ ಸಭಾಂಗಣದಲ್ಲಿ ಕೇಳಿದ್ದ ದನಿ. ಅಷ್ಟು ಜನರ ನಡುವೆ ಅವಳೊಬ್ಬಳ ಕಣ್ಣು ತುಂಬಿಸಿದ್ದ ದನಿ...

ಕ್ಯಾಬಿನ್ನಿನ ಬಾಗಿಲಿಗೆ ಕಟ್ಟಿದ್ದ ಬಟ್ಟೆ ಸರಿಸಿ ಇಣುಕಿದಳು. ಹೌದು, ಅವನೇ. ದುಬಲಗುಂಡಿಯ ಸಮ್ಯಕ. ಈ ಹುಮನಾಬಾದಿನ ಸೈಬರ್ ಅಂಗಡಿ ನೋಡಿಕೊಳ್ಳುವವನು ಅವನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವನ ಮುಂದಿನ ಪರದೆಯ ಮೇಲಿದ್ದ ಬರಹ ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬರೆದವಳು ಅವಳೇ.

* * *

ಅದು ಎರಡು ಸಾವಿರದ ಎಂಟನೇ ಇಸವಿ. ಐಶ್ವರ್ಯ ದಿನಾ ಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಬಂದು ಬಿ.ಎಡ್. ಓದುತ್ತಿದ್ದಳು. ತಂದೆ ಮಹಾರುದ್ರಪ್ಪನವರದು ಕಾಳುಕಡಿಯ ಅಂಗಡಿ. ಬೆಳಗಿನ ಪೂಜೆ ಮುಗಿಸಿ ಅವರು ವಚನ ಹೇಳುವಾಗ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿಯೇ ಅವಳು ಬೆಳೆದದ್ದು. ಮಾತು ಕಡಿಮೆ. ಆ ಮನೆಯಲ್ಲಿ ಅವಳ ಅಭಿಪ್ರಾಯ ಕೇಳುವವರೂ ಕಡಿಮೆ.

ಸೋದರತ್ತೆಯ ಮಗ ಓಂಪ್ರಕಾಶ, ನಿಜ ಹೆಸರು ಕಾಣದಂತೆ 'ಅಕ್ಕ' ಎಂಬ ಹೆಸರಿನಲ್ಲಿ ಅವಳಿಗೆ ಆರ್ಕುಟ್ ಖಾತೆ ತೆರೆದುಕೊಟ್ಟ. ತಾನೇ ಕಟ್ಟಿದ 'ಕಲ್ಯಾಣದ ಕುಡಿಗಳು' ಎಂಬ ಗುಂಪಿಗೆ ಸೇರಿಸಿದ. ಮುನ್ನೂರು ಜನ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೆ ಎಲ್ಲರಿಗೂ ಪ್ರಿಯವಾದದ್ದು ಒಂದೇ, ವಚನ. ಒಬ್ಬರು ಏನಾದರೂ ಬರೆದರೆ ಹತ್ತು ಜನ 'ಹೌದು' ಎನ್ನುತ್ತಿದ್ದರು. ಹೌದು ಎನ್ನುವವರ ನಡುವೆ ಕೂತರೆ ಎಷ್ಟು ಬೆಚ್ಚಗಿರುತ್ತದೆ!

ಕಲ್ಯಾಣದ ಆ ಸಭೆಯಲ್ಲಿ ಸಮ್ಯಕ ವೇದಿಕೆಯ ಮೇಲೆ ವಚನ ಹೇಳಿದ. ಎಲ್ಲ ಹೇಳಿ ಕೊನೆಯ ಸಾಲಿಗೆ ಬಂದವನೇ ನಿಂತುಬಿಟ್ಟ. ಕೊನೆಯಲ್ಲಿ ಬರುವ ದೇವರ ಹೆಸರು, ವಚನದ ಅಂಕಿತ, ಅವನ ಬಾಯಿಂದ ಬರಲೇ ಇಲ್ಲ. ಕೈ ಮುಗಿದು ಸ್ವಲ್ಪ ಹೊತ್ತು ನಿಂತು ಇಳಿದುಹೋದ.

ಐಶ್ವರ್ಯ ಗುಂಪಿನಲ್ಲಿ ಕೇಳಿದಳು, ಅಷ್ಟೇ. 'ಅಂಕಿತ ಹೇಳದೆ ಇಳಿದರಲ್ಲ, ಯಾಕಿರಬಹುದು?'

ಮರೆತಿರಬೇಕು ಎಂದ ಒಬ್ಬ. ಮರೆವಲ್ಲ, ಸೊಕ್ಕು ಎಂದ ಇನ್ನೊಬ್ಬ. ಅವರ ಮನೆಯಲ್ಲಿ ಬುದ್ಧ ವಂದನೆ ನಡೆಯುತ್ತದೆ, ನಮ್ಮ ದೇವರ ಹೆಸರು ಹೇಗೆ ಬಂದೀತು ಎಂದ ಮೂರನೆಯವನು. ಎರಡನೇ ದಿನಕ್ಕೆ ಎಪ್ಪತ್ತು ಉತ್ತರ. ಮೂರನೇ ದಿನಕ್ಕೆ ಅವಳಿಗೂ ಹಾಗೇ ಅನ್ನಿಸತೊಡಗಿತು. ಅವನನ್ನು ಕೇಳಿ ಅತ್ತದ್ದು ತಾನೇ ಎಂಬುದು ಮರೆತುಹೋಗಿ, ಅವಳೂ ಬರೆದಳು. 'ಬೇಕಂತಲೇ ನುಂಗಿದ. ಕಲ್ಯಾಣದ ನೆಲದ ಮೇಲೆ ನಿಂತು ನುಂಗಿದ!'

ಎಂಥ ಮೆಚ್ಚುಗೆ! 'ಅಕ್ಕಾ, ನಮ್ಮ ಮನಸ್ಸಿನ ಮಾತು ಹೇಳಿದಿರಿ!' ಜೀವನದಲ್ಲಿ ಯಾರೂ ಅವಳ ಮಾತನ್ನು ಅಷ್ಟು ಕಿವಿಗೊಟ್ಟು ಕೇಳಿರಲಿಲ್ಲ.

ಅವನ ಹೆಸರೇನು, ಊರು ಯಾವುದು ಎಂದು ಯಾರೋ ಕೇಳಿದರು.

ಅದನ್ನೂ ಬರೆದಳು.

* * *

"ಮೇಡಂ, ಲೈಟ್ ಹೋಗೂ ಹಂಗ ಕಾಣಸ್ತದ. ಏನರೆ ಬರದಿದ್ರ ಉಳಿಸ್ಕೊರಿ."

ಸಮ್ಯಕ ಕ್ಯಾಬಿನ್ನಿನ ಎದುರೇ ನಿಂತಿದ್ದ. ಅವಳು ಗಡಬಡಿಸಿ ಪುಟ ಮುಚ್ಚಿದಳು.

"ನೀವು... ಕಲ್ಯಾಣದಾಗ ವಚನ ಹೇಳಿದವ್ರಲ್ರಿ?"

ಅವನು ನಕ್ಕ. ನಗುವಿನಲ್ಲಿ ನಗು ಇರಲಿಲ್ಲ. "ನಿಮಗೂ ಗೊತ್ತಾತೇನ್ರಿ? ಭಾಳ ಫೇಮಸ್ ಆಗೀನಿ ನೋಡ್ರಿ. ಚಾ ಕುಡಿಯಾಕ ಹೋದ್ರೂ ಮಂದಿ ತಿರಗಿ ನೋಡಾಕತ್ತಾರ."

ಅವಳು ಕೇಳಿಯೇಬಿಟ್ಟಳು. "ಕೊನೀ ಸಾಲು ಯಾಕ ಬಿಟ್ರಿ?"

ಅವನು ಅವಳನ್ನೇ ನೋಡಿದ.

"ತಪ್ಪಾಯ್ತೇನ್ರಿ ಕೇಳಿದ್ದು?"

"ಇಲ್ರಿ... ಇಷ್ಟು ದಿನದಾಗ ಕೇಳಿದವ್ರು ನೀವೇ ಮೊದಲನೇವ್ರು. ಅದಕ್ಕ ನೋಡಿದೆ."

ಕರೆಂಟ್ ಹೋಯಿತು. ಫ್ಯಾನು ನಿಂತ ಆ ಮೌನದಲ್ಲಿ, ಬಾಗಿಲ ಬೆಳಕಿಗೆ ಸ್ಟೂಲು ಎಳೆದುಕೊಂಡು ಅವನು ಹೇಳಿದ.

"ನಮ್ಮವ್ವ ಅಂಬುಬಾಯಿ ನಮ್ಮೂರ ಮುದುಕಿ ಸೂಗಮ್ಮಾಯಿ ಹೊಲದಾಗ ಕಳಿ ತೆಗಿಯಾಕ ಹೋಗ್ತಿದ್ದಳು. ತೊಗರಿ ಸಾಲಿನ್ಯಾಗ ಹೆಣಮಕ್ಕಳೆಲ್ಲ ಕೂತು ಕಳಿ ಕೀಳೂದು, ಸೂಗಮ್ಮಾಯಿ ವಚನ ಹೇಳೂದು. ಕೊನೀ ಸಾಲು ಬಂತಂದ್ರ ಆಯಿ ಕೈ ಮುಗದು ನಿಂದರ್ತಿದ್ದಳು. ಸಾಲಿನ್ಯಾಗಿದ್ದವ್ರೆಲ್ಲ ಕೂಡಿ ಅಂಕಿತ ಹೇಳೂದು. ಹೇಳಾಂವ ತಾನೇ ಎಲ್ಲಾ ಹೇಳಬಾರ್ದು, ಕೊನೀ ಸಾಲು ಕೇಳವರದು... ಅಂತಿದ್ದಳು ಆಯಿ. ನಾ ಅವ್ವನ ಬಗಲಾಗ ಕೂತು ಕಲತಾಂವ. ಹಂಗೇ ಕಲತೀನಿ."

"ಅಂದ್ರ... ಅವತ್ತ ನೀವು..."

"ಕೈ ಮುಗದು ನಿಂತೆ. ಇಷ್ಟು ಮಂದಿ ಕೂತಾರ, ಎಲ್ಲಾರೂ ಕೂಡಿ ಹೇಳ್ತಾರ, ಹ್ಯಾಂಗ ಗುಡುಗಿದಂಗ ಕೇಳಸ್ತದೋ ಅಂತ ಕಾಯ್ದೆ." ಅವನು ನೆಲ ನೋಡಿದ. "ಒಬ್ಬರೂ ಹೇಳಲಿಲ್ರಿ."

ಐಶ್ವರ್ಯಳಿಗೆ ಆ ದಿನ ನೆನಪಾಯಿತು. ಅಂದು ಆ ಸಾಲು ಅವಳ ತುಟಿಯ ತನಕ ಬಂದಿತ್ತು! ಅಷ್ಟು ಜನರ ನಡುವೆ ಹೆಣ್ಣುಮಗಳು ತಾನೊಬ್ಬಳೇ ಹೇಗೆ ಹೇಳಲಿ ಎಂದು ನುಂಗಿದ್ದಳು.

ನುಂಗಿದವಳು ನಾನು... ನುಂಗಿದ ಅಂತ ಬರೆದದ್ದು ಅವನ ಮೇಲೆ!

* * *

ಅಂದೇ ಅವಳು ತನ್ನ ಬರಹ ಅಳಿಸಿದಳು. ಸಮ್ಯಕನ ಅಂಗಡಿಯಲ್ಲಿ ಕೇಳಿದ ಹೊಲದ ವಿಷಯವನ್ನೆಲ್ಲ ಬಿಡಿಸಿ ಹೊಸದಾಗಿ ಬರೆದಳು. ಎಲ್ಲರಿಗೂ ತಿಳಿಯುತ್ತದೆ, ಇವರೆಲ್ಲ ವಚನ ಬಲ್ಲವರು ಎಂದುಕೊಂಡಳು.

'ಇದು ಅಕ್ಕನ ಬರಹವಲ್ಲ, ಯಾರೋ ಖಾತೆ ಕದ್ದಿದ್ದಾರೆ.'

'ಅಕ್ಕ ಅವನನ್ನು ನೋಡಿ ಕರಗಿದಳು!'

'ಅಕ್ಕಾ' ಎಂದು ಕರೆದವರೇ ಸಂಜೆಯ ಹೊತ್ತಿಗೆ ಬರೆಯಬಾರದ್ದನ್ನು ಬರೆದರು. ಮರುದಿನ ನೋಡಿದರೆ ಗುಂಪಿನ ಬಾಗಿಲೇ ಅವಳಿಗೆ ಮುಚ್ಚಿತ್ತು. ಓಂಪ್ರಕಾಶ ಅವಳ ಹಳೆಯ ಬರಹವನ್ನು ತನ್ನ ಹೆಸರಿನಲ್ಲಿ ಮತ್ತೆ ಹಾಕಿದ್ದ. ಯಾರೋ ಅದನ್ನು ಬರೆದವರ ಹೆಸರಿಲ್ಲದಂತೆ ಪ್ರಿಂಟ್ ತೆಗೆದು ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದರು.

ಓಂಪ್ರಕಾಶ ಮನೆಗೇ ಬಂದ. "ಏನವಾ, ಹುಮನಾಬಾದಿಗಿ ಬಿ.ಎಡ್. ಕಲಿಯಾಕ ಹೋಗ್ತಿಯೋ, ಅವನ ಹತ್ರ ಕಂಪ್ಯೂಟರ್ ಕಲಿಯಾಕ ಹೋಗ್ತಿಯೋ?"

"ಒಮ್ಮೆ ಅವರನ್ನ ಕೇಳಿ ನೋಡು, ಓಂ. ಕೈ ಮುಗೀತೀನಿ."

"ನಾ ಯಾಕ ಕೇಳ್ಲಿ? ಮುನ್ನೂರು ಮಂದಿ ಸುಳ್ಳು ಹೇಳ್ತಾರೇನು?"

"ಮುನ್ನೂರು ಮಂದಿ ಎಲ್ಲಿದ್ರೋ? ನಾ ಒಬ್ಬಾಕಿ ಹೇಳಿದೆ. ಉಳಿದವ್ರು ಅದನ್ನೇ ಹೊಳ್ಳಿ ಹೊಳ್ಳಿ ಹೇಳಿದ್ರು!"

ಅವನು ಕೇಳಿಸಿಕೊಳ್ಳಲಿಲ್ಲ. ಕೇಳುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು.

ಸಮ್ಯಕನಿಗೆ ಹೇಳಬೇಕು, ಇವತ್ತೇ ಹೇಳಬೇಕು ಎಂದು ಅವಳು ದಿನಾ ಅಂಗಡಿಗೆ ಹೋದಳು. ಹೇಳಲಿಕ್ಕೆ ಹೋದವಳು ಅವನ ಮಾತು ಕೇಳುತ್ತ ಕೂತು ಬರುತ್ತಿದ್ದಳು. ಒಂದು ವಾರವಾಯಿತು, ಎರಡು ವಾರವಾಯಿತು... ಬಸ್ಸು ತಪ್ಪಿದರೆ ಖುಷಿಯಾಗತೊಡಗಿತು. ಅವನೂ ಅವಳಿಗಾಗಿ ಮೂರನೇ ಕ್ಯಾಬಿನ್ನನ್ನು ಖಾಲಿ ಇಡತೊಡಗಿದ.

"ಯಾರರೆ ಕೇಳಿದ್ರ ಏನಂತೀರಿ?" ಎಂದು ಒಮ್ಮೆ ಕೇಳಿದಳು.

"ಮೌಸ್ ಕೆಟ್ಟದ ಅಂತೀನಿ."

"ದಿನಾ ಕೆಡ್ತದೇನ್ರಿ ಮೌಸ್?"

"ನೀವು ಬರೂತನಕ ಕೆಟ್ಟಿರ್ತದ್ರಿ."

ಒಂದು ಶನಿವಾರ ಅವನೇ ಹೇಳಿದ. "ದಿನಾ ಆ ಹಾಳಿ ತಗದು ನೋಡ್ತೀನ್ರಿ, ಯಾರು ಬರದಿರಬಹುದಂತ. ಸಿಕ್ರ ಬಿಡಬಾರ್ದು ಅನಸ್ತದ. ನೀವು ಬಂದ್ರ ಮಾತ್ರ... ಹುಡಕೂದು ಮರತುಹೋಗ್ತದ."

ಹೇಳು, ಈಗ ಹೇಳು! ಎಂದಿತು ಅವಳ ಮನಸ್ಸು.

"ನಾಳಿ ಅಲ್ಲ, ನಾಡದ ಬರ್ತೀನ್ರಿ," ಎಂದಳು. "ನಿಮಗ ಒಂದು ಮಾತು ಹೇಳೂದದ."

* * *

ಮರುದಿನ ಭಾನುವಾರ ನಾಲ್ವರು ಯುವಕರು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಭೇಟಿಯಾದರು. ಕಲ್ಯಾಣದಿಂದ ಓಂಪ್ರಕಾಶ. ಹಳ್ಳಿಖೇಡದಿಂದ ಒಬ್ಬ, ನಿರ್ಣಾದಿಂದ ಇಬ್ಬರು. ಮುಖ ನೋಡಿಕೊಂಡದ್ದು ಅದೇ ಮೊದಲು. "ನೀವೇ ಏನ್ರಿ ಅವ್ರು! ಫೋಟೋದಾಗ ದಪ್ಪ ಕಾಣಸ್ತೀರಲ್ರಿ!" ಎಂದು ನಕ್ಕರು, ಅಪ್ಪಿಕೊಂಡರು, ಕೂಡಿ ಚಹಾ ಕುಡಿದರು. ಒಬ್ಬರ ಮಾತಿಗೆ ಇನ್ನೊಬ್ಬರು ಹೌದೆನ್ನುತ್ತ ನಡೆದು ಬಂದರು. ಎಲ್ಲರ ಜೇಬಿನಲ್ಲೂ ಮಡಿಸಿದ ಅದೇ ಜೆರಾಕ್ಸ್ ಹಾಳೆ.

ಅಂಗಡಿಯಲ್ಲಿ ಸಮ್ಯಕ ಒಬ್ಬನೇ ಇದ್ದ.

"ಕೊನೀ ಸಾಲು ಹೇಳು," ಎಂದರು.

ಸಮ್ಯಕ ಅವರನ್ನು ನೋಡಿದ. ಎದ್ದು ನಿಂತು ಕೈ ಮುಗಿದ. "ಅದು ನಿಮ್ಮ ಸಾಲದರಿ. ನೀವು ಹೇಳ್ರಿ."

ಅಣಕಿಸಿದ ಎಂದುಕೊಂಡರು.

ಕಬ್ಬಿಣದ ಸ್ಟೂಲು ಅವನ ಗಂಟಲಿಗೆ ಬಡಿಯಿತು.

* * *

ಸೋಮವಾರ ಆಸ್ಪತ್ರೆಯ ಮಂಚದ ಬಳಿ ಅಂಬುಬಾಯಿ ಕೂತಿದ್ದಳು. ಮಗನ ಕೊರಳ ತುಂಬ ಪಟ್ಟಿ. ಜೀವಕ್ಕೆ ಅಪಾಯವಿಲ್ಲ, ದನಿ ಮಾತ್ರ ಮೊದಲಿನಂತೆ ಬರುವುದಿಲ್ಲ ಎಂದಿದ್ದರು ಡಾಕ್ಟರು.

ಬೀಗ ಹಾಕಿದ ಅಂಗಡಿ ಕಂಡು, ಸುದ್ದಿ ತಿಳಿದು ಬಂದ ಐಶ್ವರ್ಯ ಬಾಗಿಲಲ್ಲೇ ನಿಂತಳು. ಅವಳನ್ನು ಕಂಡು ಅವನ ಕಣ್ಣು ಅರಳಿತು. ಆ ಅರಳಿದ ಕಣ್ಣು ನೋಡುತ್ತಲೇ ಹೇಳಬೇಕಾಯಿತು.

"ಬರದಾಕಿ ನಾನ್ರಿ."

ಅವನಿಗೆ ಅರ್ಥವಾಗಲಿಲ್ಲ.

"ಆ ಹಾಳಿ... ನಿಮ್ಮ ಹೆಸರು, ನಿಮ್ಮ ಊರು... ಎಲ್ಲಾ ಬರದಾಕಿ ನಾನೇ. ನಿಮ್ಮನ್ನ ಕೇಳೂಕಿಂತ ಮೊದಲ ಬರದೆ."

ಸಮ್ಯಕ ಗೋಡೆಯ ಕಡೆ ಮುಖ ತಿರುಗಿಸಿದ.

ಐಶ್ವರ್ಯ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತು ಅತ್ತಳು. ಅಂಬುಬಾಯಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳವ್ವಾ. ನೀ ಅಳೂದು ನೋಡಿ ಕರಗೂವಷ್ಟು ನೀರು ನನ್ನ ಕಣ್ಣಾಗ ಉಳದಿಲ್ಲ. ಅವ್ರು ನಾಕು ಮಂದಿ ಠಾಣೆದಾಗ ಏನು ಹೇಳ್ಯಾರ, ಮಾಲೂಮ ಅದೇನು? ನನ್ನ ಮಗಾ ದೇವರಿಗಿ ಬೈದು, ತಾನೇ ಮೊದಲ ಹೊಡದನಂತ. ಹೋಗು, ಅಳೂದಿದ್ರ ಅಲ್ಲಿ ಹೋಗಿ ಅಳು."

ಅಂಗಡಿಯಲ್ಲಿ ಬೇರೆ ಸಾಕ್ಷಿ ಇರಲಿಲ್ಲ. ಓಂಪ್ರಕಾಶ ಗುಂಪಿನ ಪುಟವನ್ನೇ ಅಳಿಸಿಹಾಕಿದ್ದ, ಜೆರಾಕ್ಸ್ ಹಾಳೆಯಲ್ಲಿ ಬರೆದವರ ಹೆಸರಿರಲಿಲ್ಲ. ಅವರು ಯಾಕೆ ಬಂದರು, ಏನು ಓದಿ ಬಂದರು ಎಂದು ಹೇಳಬಲ್ಲವಳು ಅವಳೊಬ್ಬಳೇ. ಗುರುವಾರ ಠಾಣೆಗೆ ಬಂದು ಹೇಳಿಕೆ ಕೊಡುತ್ತೇನೆ ಎಂದು ಬರೆದುಕೊಟ್ಟು ಬಂದಳು.

ಮನೆಯಲ್ಲಿ ಮಹಾರುದ್ರಪ್ಪ ಎಲ್ಲ ಕೇಳಿಸಿಕೊಂಡರು. ಕೂಗಲಿಲ್ಲ.

"ಓಂ ನನ್ನ ತಂಗಿ ಮಗ. ನಿನ್ನ ಮಾತಿನಿಂದ ಒಳಗ ಹೋಗ್ತಾನ."

"ನನ್ನ ಮಾತಿನಿಂದಾನೇ ಅಪ್ಪಾ, ಅವ್ರು ಆಸ್ಪತ್ರಿ ಸೇರ್ಯಾರ."

"ಹೇಳಿಕಿ ಕೊಟ್ಟಮ್ಯಾಲ ಈ ಹೊಸ್ತಿಲ ತುಳೀಬ್ಯಾಡ, ಮಗಳ." ಮರುದಿನ ಬೆಳಿಗ್ಗೆ ಪೂಜೆಗೆ ಕೂತರು. ಬಾಗಿಲ ಮರೆಯಲ್ಲಿ ನಿಂತ ಮಗಳಿಗೆ ವಚನ ಕೇಳಿಸಲಿಲ್ಲ. ಅವರೂ ಹೇಳಲಾರದೆ ಕೂತಿದ್ದರು.

* * *

ಗುರುವಾರ ಹತ್ತು ಗಂಟೆಗೆ, ಎರಡು ಸೀರೆ, ಬಿ.ಎಡ್. ಪುಸ್ತಕ ತುಂಬಿದ ಚೀಲ ಹಿಡಿದು ಅವಳು ಆಸ್ಪತ್ರೆಯ ಮುಂದಿನ ದಾರಿಯಲ್ಲಿ ಹೊರಟಿದ್ದಳು. ಒಳಗೆ ಹೋಗುವ ಧೈರ್ಯವಿರಲಿಲ್ಲ.

ವರಾಂಡದ ಬೆಂಚಿನ ಮೇಲೆ ಸಮ್ಯಕ ಕೂತಿದ್ದ. ಕೈಯೆತ್ತಿ ಕರೆದ.

ಹತ್ತಿರ ಹೋದಳು. ಅವನ ತುಟಿ ಅಲುಗಿತು. ಒಣ ಎಲೆಯನ್ನು ಉಜ್ಜಿದಂಥ ಸಪ್ಪಳ ಬಂತು. ಅದೇ ಈಗ ಅವನ ದನಿ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

"ಠಾಣೆಗೆ ಹೊಂಟೀಯೇನು?"

ಮೊದಲ ಸಲ ಏಕವಚನದಲ್ಲಿ ಕರೆದಿದ್ದ.

"ಹೌದ್ರಿ. ನೀವು ಮಾತಾಡಬ್ಯಾಡ್ರಿ, ನೋವಾಗ್ತದ."

"ಆಗ್ಲಿ."

"ಸಿಟ್ಟದೇನ್ರಿ ಇನ್ನಾ?"

"ಅದ. ಭಾಳ ಅದ." ಉಸಿರು ಎಳೆದುಕೊಂಡ. "ಅದೊಂದು ಕಡಿ. ಮೂರು ದಿನದಿಂದ ಬಾಗಿಲ ನೋಡಾಕತ್ತೀನಿ... ಇದೊಂದು ಕಡಿ."

ಐಶ್ವರ್ಯ ಬಾಯಿಗೆ ಸೆರಗು ಒತ್ತಿಕೊಂಡಳು.

"ಅವ್ವ ಯಾರದೋ ಬಾಯಾಗ ಕೇಳ್ಯಾಳ, ನಿಮ್ಮಪ್ಪ ಮನಿ ಬಿಡು ಅಂದಾರಂತ." ಒಂದೊಂದೇ ಮಾತನ್ನು ಕಿತ್ತು ತೆಗೆದಂತೆ ಹೇಳಿದ. "ನನ್ನ ದನಿ ಹೊಳ್ಳಿ ಬರಂಗಿಲ್ಲ. ಅದರ ಸಂಗಟ ನಿನ್ನ ಮನೀನೂ ಹೋಗೂದು ಬ್ಯಾಡ. ನಾ ಕ್ಷಮಾ ಮಾಡೀನಿ. ಖರೇನೇ ಮಾಡೀನಿ. ಇಷ್ಟಕ್ಕ ಬಿಡು, ಐಶ್ವರ್ಯ. ಮನಿಗೆ ಹೋಗು."

ಅವಳು ಅವನ ಕಾಲ ಬಳಿ ಮೆಟ್ಟಿಲ ಮೇಲೆ ಕೂತಳು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನನ್ನ ಮ್ಯಾಲ ಪ್ರೀತಿ ಅದ ಅಂತ ಹೇಳಾಕತ್ತೀರೇನ್ರಿ ಇದು?"

"ಹೂಂ."

"ನನಗೂ ಅದರಿ. ನೀವು ಅವತ್ತ ಸ್ಟೂಲ್ ಎಳಕೊಂಡು ಕೂತಾಗಿಂದ ಅದ."

"ಹಂಗಾದ್ರ ನನ್ನ ಮಾತೊಂದು ಕೇಳು. ಹೊಳ್ಳಿ ಹೋಗು."

ಅವಳು ಎದ್ದಳು. ಕಣ್ಣು ಒರೆಸಿಕೊಂಡು, ಪಟ್ಟಿ ಕಟ್ಟಿದ ಅವನ ಕೊರಳ ಮೇಲೆ ತಾಕಿದರೂ ತಾಕದಂತೆ ಬೆರಳಿಟ್ಟಳು.

"ಇಲ್ರಿ," ಎಂದಳು. "ಹೊಳ್ಳಿ ಹೋಗಂಗಿಲ್ಲ. ಠಾಣೆಗೇ ಹೋಗ್ತೀನಿ."