ಬೂದಿ ಬೆರೆಸಿದ ಜೋಳ

೧೯೫೨ರ ಮೇ ೧೪, ಬುಧವಾರ. ಬೆಳಿಗ್ಗೆ ಎಂಟಕ್ಕೆ ಅಮರಗುಂಡಪ್ಪ ಮಸ್ಕಿ ಠಾಣೆಯ ಕಟ್ಟೆಯ ಮೇಲೆ ಒಂದು ಹಿಡಿ ಜೋಳ ಸುರಿದ. ಕಾಳು ಉಬ್ಬಿ ಮೊಳಕೆಯೊಡೆದಿತ್ತು. ಹುಳಿ ವಾಸನೆ.

"ನನ್ನ ಹಗೇವಿಗೆ ಯಾರೋ ನೀರು ಹಾಕ್ಯಾರ್ರಿ."

ನೆಲದಡಿಯ ಕಾಳಿನ ಕುಣಿಗೆ ನೀರು ಹಾಕಿದ್ದೆಂದು ಇನ್‌ಸ್ಪೆಕ್ಟರ್ ವಿರೂಪಾಕ್ಷಪ್ಪ ಎಫ್‌ಐಆರ್ ಬರೆಸಿದರು. ಹೊಸ ತಳಿಯ ಬಿಳಿಜೋಳವನ್ನು ಒಣದಾಗಿ ತಂದೊಪ್ಪಿಸಿದ ರೈತನಿಗೆ ಸರ್ಕಾರ ಪೇಟೆಯ ದರಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತಿತ್ತು. ತನ್ನ ಊರಲ್ಲಿ ಅದನ್ನು ಬೆಳೆದವನು ಅಮರಗುಂಡಪ್ಪನೊಬ್ಬನೇ. ಹೋದ ವರ್ಷ ತಹಶೀಲ್ದಾರರು ಚಾವಡಿಯ ಮುಂದೆ ಅವನ ತಲೆಗೆ ರುಮಾಲು ಸುತ್ತಿದ್ದರು. ಈ ಸಲದ ಬೆಲೆಯನ್ನು ನಂಬಿ ಅವನು ಒಂದು ಜೋಡಿ ಎತ್ತಿಗೆ ಮಾತು ಕೊಟ್ಟಿದ್ದ. ಜೋಳ ಒಪ್ಪಿಸಲು ಸೋಮವಾರ ಕಡೆಯ ದಿನ.

"ಯಾರ ಮ್ಯಾಲೆ ಅನುಮಾನ?"

"ತೂಕದ ಹಸನ್‌ಸಾಬ್‌ರೀ. ಜಗಳ ಆಗೇತಿ."

"ಹಗೇವಿನ ಬಾಯಿ ಎಲ್ಲೈತಿ ಅಂತ ಅವನಿಗೆ ಗೊತ್ತೇನು?"

"ಛೆ! ಮನಿಯವರನ್ನ ಬಿಟ್ಟು ಅದನ್ನ ಯಾರಿಗೂ ಹೇಳೂದಿಲ್ರಿ."

"ಮನಿಯವರು ಅಂದ್ರ?"

"ನಾ, ನನ್ನ ಹೆಂಡ್ತಿ, ನಮ್ಮಣ್ಣ ದೊಡ್ಡಬಸಪ್ಪ."

"ಅಣ್ಣ?"

"ಅವ ನನ್ನ ಸಾಕ್ಯಾನ್ರಿ. ಆ ಮಾತು ಆಡಬ್ಯಾಡ್ರಿ."

ಹತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಅಂಗಳದ ನೆಲದಡಿಯ ಕುಣಿ, ಬಾಯಿಗೆ ಕಲ್ಲು, ಕಲ್ಲಿನ ಸುತ್ತ ಯಾರೋ ಹೊಸದಾಗಿ ಮೆತ್ತಿದ್ದ ಮಣ್ಣು. ಪೊಲೀಸ್ ಜವಾನ ಚಾಂದ್‌ಪಾಷಾ ಮೊಣಕಾಲೂರಿ ಆ ಮಣ್ಣಿನ ಹೊರಗೆಲ್ಲ ನೋಡಿದ.

"ಸಾಬ್, ಇಲ್ಲಿ ಒಣ ಕಾಳು ಬಿದ್ದಾವ. ನೀರು ಹಾಕೂದಕ್ಕಿಂತ ಮೊದಲ ಜೋಳ ತಗದಾರ."

ಹಾಗಾದರೆ ಊರಲ್ಲಿ ಎಲ್ಲೋ ಆ ತಳಿಯ ಒಣ ಜೋಳ ಇರಬೇಕು. ಹಸನ್‌ಸಾಬ್‌ನ ಮನೆಯಲ್ಲಿ ಸಿಗಲಿಲ್ಲ. ದೊಡ್ಡಬಸಪ್ಪನ ಅಟ್ಟದ ಮೇಲೆ ಅದೇ ಜೋಳದ ಒಂದು ಚೀಲ ಸಿಕ್ಕಿತು. ಕೈಹಾಕಿದ ಚಾಂದ್‌ಪಾಷಾನ ತೋಳೆಲ್ಲ ಬೂದಿ.

"ಇದು ಯಾತಕ್ಕ?" ಎಂದರು ವಿರೂಪಾಕ್ಷಪ್ಪ.

"ತಿನ್ನಾಕರೀ," ಎಂದ ದೊಡ್ಡಬಸಪ್ಪ.

"ಬೂದಿ ಕಲಸಿದ ಜೋಳ ತಿಂತೀಯೇನು? ಬೂದಿ ಕಲಸೂದು ಬೀಜಕ್ಕ."

ಅವನು ಚೀಲದ ಬಾಯಿ ಮಡಚಿದ. ಅವನ ಹೆಂಡತಿ ಆದೆಮ್ಮ ಬಾಗಿಲಲ್ಲಿ ನಿಂತಿದ್ದಳು.

"ಹೇಳಿಬಿಡ್ರಿ. ಊರೆಲ್ಲ ಸಂತಿಗೆ ಹೋದಾಗ ಎಂದೂ ಇಲ್ಲದ್ದು ಕೊಡ ಹೊತ್ರಿ. ಮನಿಗೊಂದು ತಂಬಿಗಿ ನೀರು ಬರಲಿಲ್ಲ."

ತಮ್ಮ ಬದಿಯಲ್ಲೇ ನಿಂತಿದ್ದರೂ ಅತ್ತ ನೋಡದೆ ದೊಡ್ಡಬಸಪ್ಪ ಕುಕ್ಕರಗಾಲಲ್ಲಿ ಕೂತ.

"ಬಿತ್ತೂ ಕೂರಿಗಿ ಹಿಡಿಯೂದು ಇವಗ ನಾ ಕಲಿಸೀನ್ರಿ. ರುಮಾಲು ಸುತ್ತೂ ಮುಂದ ನಾ ಎತ್ತಿನ ಹಗ್ಗ ಹಿಡಕೊಂಡು ನಿಂತಿದ್ದೆ. ತಹಶೀಲ್ದಾರ್ರು ನನ್ನ ಕಡೆ ನೋಡಿ, ನಿನ್ನ ಆಳೇನು ಅಂತ ಕೇಳಿದ್ರು. ಇವ ಇಲ್ಲ ಅನ್ನಲಿಲ್ಲ. ನಕ್ಕ."

ಅಮರಗುಂಡಪ್ಪ ನೆಲ ನೋಡಿದ.

"ಮತ್ತ ಈ ಚೀಲ?"

"ಮುಂದ ಅವ ಬಿತ್ತಬೇಕಲ್ರೀ. ಬೀಜ ಹೆಂಗ ಕೊಳಿಸೂದು?"

ಮೂರು ಗಂಟೆಗೆ ಬಂಧನ. ವಿರೂಪಾಕ್ಷಪ್ಪ ಡೈರಿಯಲ್ಲಿ ಕಾರಣ ಹೊಟ್ಟೆಕಿಚ್ಚು ಎಂದು ಬರೆದು ಮುಚ್ಚಿದರು. ಚಾಂದ್‌ಪಾಷಾ ಚೀಲದ ಬಾಯಿ ಹೊಲಿದು ಅರಗಿನ ಮುದ್ರೆ ಒತ್ತಿದ.

"ಅದನ್ನೆಲ್ಲಿಗೆ ಒಯ್ತೀರಿ?" ದೊಡ್ಡಬಸಪ್ಪ ಗಾಬರಿಯಾದ.

"ಮುದ್ದೆಮಾಲು. ಸಾಕ್ಷಿಗಂತ ಲಿಂಗಸುಗೂರು ಕೋರ್ಟಿಗೆ."

"ಬಿತ್ತೂದ್ರೊಳಗ ವಾಪಸ್ ಕೊಡ್ತಾರೇನ್ರಿ?"

ಚಾಂದ್‌ಪಾಷಾ ಚೀಲ ಹೆಗಲಿಗೇರಿಸಿದ. ದೊಡ್ಡಬಸಪ್ಪ ಮೊದಲ ಸಲ ತಮ್ಮನ ಕಡೆ ತಿರುಗಿದ.

"ಲೇ, ನೀ ಹೋಗಿ ಕೇಳು. ಮಳಿಗಾಲದಾಗ ತಂಪು ಹತ್ತಿದ್ರ ಹುಳ ಬೀಳತಾವ. ಬಿಸಲಿಗೆ ಹಾಕ್ರಿ ಅಂತ ಹೇಳು."

"ಹೂನಣ್ಣಾ," ಎಂದ ಅಮರಗುಂಡಪ್ಪ, ರೂಢಿಯಂತೆ.