ಅರವತ್ತಮೂರನೇ ಗೆಟ್

ಗುರುವಾರ ಬೆಳಿಗ್ಗೆ ಗುಬ್ಬಿಯ ಫಾತಿಮುನ್ನೀಸಾ ಬೀರು ತೆಗೆದರು. ಚಿನ್ನದ ಬಳೆಗಳಿದ್ದವು. ನೋಟ್‌ಬುಕ್ ಇರಲಿಲ್ಲ.

"ಚಿನ್ನ ಬಿಟ್ಟು ನೋಟ್‌ಬುಕ್ ಕದಿಯೋ ಕಳ್ಳ ಯಾರ್ರೀ?" ಎಂದರು ಎಸ್ಐ ಆಶಾರಾಣಿ.

"ಇಂಗ್ಲಿಷ್ ಕಲಿಸೋ ಕಳ್ಳ."

ಹನ್ನೆರಡು ವರ್ಷದಿಂದ ಫಾತಿಮುನ್ನೀಸಾ ಊರಿನ ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ನೋಟ್‌ಬುಕ್ ತುಂಬ 'ಗೆಟ್' ಎಂಬ ಒಂದೇ ಪದ. ಸಿಗುವುದು ಗೆಟ್, ತಲುಪುವುದು ಗೆಟ್, ಅರ್ಥವಾಗುವುದೂ ಗೆಟ್. ಹಾಳಾದ್ದು, ಎಷ್ಟು ಅವತಾರ! ಕ್ಲಾಸಿಗೆ ಸೇರುವವರು ಮೊದಲ ದಿನ ತಮ್ಮ ಮನೆಯ ಒಂದು ನಿಜ ಸಂಗತಿ ಹೇಳಬೇಕು. ಅದನ್ನೇ ಟೀಚರ್ ಗೆಟ್ ವಾಕ್ಯ ಮಾಡಿ ಬರೆಯುತ್ತಿದ್ದರು.

"ಬೀಗ ಮುರಿದಿಲ್ಲ, ಬೀಗದ ಕೈ ಬೀರುವಿನಲ್ಲೇ ಇದೆ. ಯಾರು ಬಂದಿದ್ರು?"

"ಮಂಗಳವಾರ ಹೊಸ ಅಜ್ಜಿ ಸೇರಿದ್ರು. ನಿನ್ನೆ ತುಮಕೂರಿಂದ ಒಬ್ರು ಕೆಲ್ಸ ಕೊಡ್ತೀನಿ ಅಂತ ಬಂದ್ರು. ಬೇಡ ಅಂದು ಟೀ ಕೊಟ್ಟು ಕಳಿಸ್ದೆ."

\* \* \*

ತಿಂಗಳೊಳಗೆ ತುಮಕೂರಿನ ಅಂಗಡಿಗಳಲ್ಲಿ ಪುಸ್ತಕವೊಂದು ಬಂತು. ಮುಖಪುಟದ ತುಂಬ ಕೋಟು ತೊಟ್ಟ ಲೇಖಕ, ಅಲ್ಲಿಯದೇ ಸದಾಶಿವನಗರದ ಕೋಚಿಂಗ್ ಸೆಂಟರಿನ ಮುತ್ತುರಾಜ್. ಒಳಗೆಲ್ಲ ಫಾತಿಮುನ್ನೀಸಾರ ವಾಕ್ಯಗಳು. ಸಾಲದ್ದಕ್ಕೆ ಅವರಿಗೇ ನೋಟಿಸು: ನೀವು ನನ್ನ ಪಾಠ ಕದ್ದಿದ್ದೀರಿ, ಕ್ಲಾಸ್ ಮುಚ್ಚಿ.

ನೋಟಿಸಿಗೆ ಹೆದರಿ ಹೆಂಗಸರು ಒಬ್ಬೊಬ್ಬರಾಗಿ ಕ್ಲಾಸ್ ಬಿಟ್ಟರು.

"ಟೀ ಕುಡಿದು ಹೋದವನು ಇವನೇ! ಒಬ್ಳೇ ಕೂತ್ರೂ ಸೈ, ಕ್ಲಾಸ್ ಮುಚ್ಚಲ್ಲ," ಎಂದರು ಫಾತಿಮುನ್ನೀಸಾ.

"ಟೀ ಕುಡಿಯೋದು ಅಪರಾಧ ಅಲ್ಲ, ಮೇಡಂ. ಸಾಕ್ಷಿ ಬೇಕು. ನೋಟ್‌ಬುಕ್ ಇನ್ಯಾರ ಕೈಗೆ ಹೋಗಿತ್ತು?"

\* \* \*

ಜೆರಾಕ್ಸ್ ಅಂಗಡಿಯ ಫೈಜಲ್ ಬೆವರಿದ.

"ಕಳ್ಳತನಕ್ಕೆ ವಾರ ಮುಂಚೆ ಟೀಚರ್ ಜೆರಾಕ್ಸ್ ಮಾಡ್ಸೋಕೆ ಕೊಟ್ಟಾಗ ಒಂದು ಸೆಟ್ ಜಾಸ್ತಿ ತೆಗ್ದಿದ್ದೆ, ಮೇಡಂ. ತಂಗಿ ಓದ್ಲಿ ಅಂತ. ಯಾರ್ಗೂ ಮಾರಿಲ್ಲ, ಅಲ್ಲಾಣೆ."

ಆಶಾರಾಣಿ ಎಣಿಸಿದರು. ಜೆರಾಕ್ಸ್‌ನಲ್ಲಿ ಅರವತ್ತೆರಡು ವಾಕ್ಯ. ಪುಸ್ತಕದಲ್ಲಿ ಅರವತ್ತಮೂರು.

"ಬಚಾವಾದೆ ಕಣೋ."

\* \* \*

"ಮೂರು ವರ್ಷದ ಹಿಂದೆ ಬರೆದಿಟ್ಟಿದ್ದು. ಎಲ್ಲ ನನ್ನ ಕಲ್ಪನೆ," ಎಂದ ಮುತ್ತುರಾಜ್.

ಕೋಚಿಂಗ್ ಸೆಂಟರಿನ ಅವನ ಮೇಜಿನೆದುರು ಆಶಾರಾಣಿ, ಫಾತಿಮುನ್ನೀಸಾ, ಜೊತೆಗೊಬ್ಬ ಅಜ್ಜಿ.

"ಕೊನೇ ವಾಕ್ಯ ಓದಿ."

"ಓಬಳಮ್ಮ ಗಾಟ್ ಹರ್ ಟೂತ್ ಪುಲ್ಡ್ ಇನ್ ಕುಣಿಗಲ್. ಕುಣಿಗಲ್‌ನಲ್ಲಿ ಹಲ್ಲು ಕೀಳಿಸಿಕೊಂಡಳು ಅಂತ."

"ಯಾರು ಓಬಳಮ್ಮ?"

"ಯಾರೂ ಇಲ್ಲ. ಸುಮ್ನೆ ಒಂದು ಹೆಸರು."

"ಯಾರೂ ಇಲ್ವಾ? ನೋಡ್ಲಾ ಇಲ್ಲಿ!" ಅಜ್ಜಿ ಬಾಯಿ ಅಗಲಿಸಿದರು. ಮುಂದಿನ ಹಲ್ಲಿರಲಿಲ್ಲ. "ಹೋದ್ ತಿಂಗ್ಳು ಕೀಳ್ಸಿದ್ದು. ಡಾಕ್ಟ್ರ ಚೀಟಿ ಅದೆ."

ಮುತ್ತುರಾಜನ ಮುಖ ಇಂಗು ತಿಂದ ಮಂಗನಂತಾಯಿತು.

"ಮೂರು ವರ್ಷದ ಹಿಂದೆ ಈ ಹಲ್ಲು ಗಟ್ಟಿಯಾಗೇ ಇತ್ತು," ಎಂದರು ಆಶಾರಾಣಿ. "ಜೆರಾಕ್ಸ್ ಆದ್ಮೇಲೆ, ಮಂಗಳವಾರ ಟೀಚರ್ ಈ ವಾಕ್ಯ ಬರೆದ್ರು. ಬುಧವಾರ ನೀವು ಹೋದ್ರಿ. ಅವರು ಟೀ ಕಾಯಿಸೋಕೆ ಒಳಗೆ ಹೋದಾಗ ಬೀರು ಹತ್ರ ಇದ್ದವ್ರು ನೀವೊಬ್ರೇ. ಗುರುವಾರ ನೋಟ್‌ಬುಕ್ ಇಲ್ಲ. ಈ ವಾಕ್ಯ ಇದ್ದದ್ದು ಅಸಲಿನಲ್ಲಿ ಮಾತ್ರ. ಡ್ರಾಯರ್ ತೆಗೀರಿ."

ಡ್ರಾಯರಿನಲ್ಲೇ ಇತ್ತು. ಫಾತಿಮುನ್ನೀಸಾ ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡರು.

"ರಾಜಿ ಆಗೋಣ, ಮೇಡಂ," ಮುತ್ತುರಾಜ್ ಗೋಗರೆದ. "ಕವರ್ ಮೇಲೆ ನಿಮ್ಮ ಹೆಸರೂ ಹಾಕಿಸ್ತೀನಿ."

"ಕೇಸು ನಡೆಯುತ್ತೆ. ಹೆಸರು ಹಾಕೋದಾದ್ರೆ ನನ್ನದಲ್ಲ, ವಾಕ್ಯ ಕೊಟ್ಟವರದ್ದು ಹಾಕು. ಅರವತ್ತಮೂರೂ," ಎಂದರು ಫಾತಿಮುನ್ನೀಸಾ.

"ಅಷ್ಟಕ್ಕೆ ಜಾಗ ಎಲ್ಲಿದೆ, ಮೇಡಂ?"

"ನಿನ್ನ ಫೋಟೋ ಕಿತ್ತಾಕ್ಲಾ," ಎಂದರು ಓಬಳಮ್ಮ. "ಬೇಕಾದಷ್ಟು ಆಯ್ತದೆ."