ಎರಡು ಸಲ ಒಗೆದ ಟವೆಲ್

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಊದುಬತ್ತಿ ಕಾರ್ಖಾನೆಯ ಮಾಲೀಕ ಪರಮಶಿವಯ್ಯ ತುಮಕೂರಿನ ಠಾಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತ. ಕೂರಿ ಎಂದು ಯಾರೂ ಹೇಳಿರಲಿಲ್ಲ. ಊರಾಚೆ ಸತ್ಯಮಂಗಲದಲ್ಲಿದ್ದ ಅವನ ಗೋಡೌನು ಬೆಳಗಿನ ಜಾವ ಸುಟ್ಟುಹೋಗಿತ್ತು.

"ಪುಟ್ಟತಾಯಮ್ಮ ಅಂತ, ಬತ್ತಿ ಹೊಸೆಯೋಳು. ಪೂಜೆ ದೀಪ ಆರಿಸ್ದೆ ಹೋಗವ್ಳೆ. ಒಳಗಾಕಿ ಸಾರ್."

"ನೀವು ನೋಡಿದ್ರಾ?" ಇನ್‌ಸ್ಪೆಕ್ಟರ್ ಚನ್ನೇಶ್ ಕೇಳಿದ.

"ನೋಡೋದೇನ್ ಬಂತು? ಅಂಥೋರ ಕೈಲಿ ಇನ್ನೇನಾಯ್ತದೆ?"

ಕಣ್ಣಿಗೆ ಬೀಳದಿದ್ದರೂ ತಪ್ಪು ಅವಳದೇ ಎಂದು ಮನಸ್ಸಲ್ಲಿ ಮೊದಲೇ ಇತ್ತು. ಅಷ್ಟು ಸಾಕಾಗಿತ್ತು ಅವನಿಗೆ. ಎಫ್‌ಐಆರ್ ಆಯಿತು. ಪುಟ್ಟತಾಯಮ್ಮ ಠಾಣೆಯ ಬೆಂಚಿನ ಮೇಲೆ ಸೆರಗು ಕಚ್ಚಿಕೊಂಡು ಕೂತಳು. ಗಂಡನಿಲ್ಲ. ಅವಳು ಜೈಲು ಸೇರಿದರೆ ಮನೆಯಲ್ಲಿರುವ ಎರಡು ಮಕ್ಕಳಿಗೆ ಗಂಜಿ ಕಾಯಿಸುವವರಿರಲಿಲ್ಲ.

ಸುಟ್ಟ ಗೋಡೌನಿಗೆ ಕಾಲಿಟ್ಟರೆ ಗಂಧದ ಘಾಟು ನೆತ್ತಿಗೇರಿತು. ಪಂಚನಾಮೆ ಬರೆಸಿ ಮುಗಿಸುವಷ್ಟರಲ್ಲಿ ಆ ಘಾಟು ಎಲ್ಲಿ ಹೋಯಿತೋ! ಚನ್ನೇಶ್ ಆಚೆ ಹೊಂಗೆ ಮರದ ಗಾಳಿಗೆ ನಿಂತು ಟೀ ಕುಡಿದು ಮತ್ತೆ ಒಳಗೆ ಬಂದ. ಘಾಟು ಪುನಃ ಹೊಡೆಯಿತು. ಹಿಂದಿನ ಗೋಡೆಯ ಹತ್ತಿರ, ಗಂಧದ ಅಡಿಯಲ್ಲಿ, ಇನ್ನೊಂದು ವಾಸನೆ ಇತ್ತು.

"ಕಾವ್ಯಾ, ನೀನೂ ಆಚೆ ಹೋಗಿ ಗಾಳಿ ತಗೊಂಡು ಬಾ."

ಕಾನ್‌ಸ್ಟೇಬಲ್ ಕಾವ್ಯ ಹೋಗಿ ಬಂದು ಗೋಡೆಯ ಬಳಿ ಬಗ್ಗಿದಳು. "ಡೀಸೆಲ್ ಸಾರ್! ಆಗ್ಲೂ ಇಲ್ಲೇ ನಿಂತಿದ್ನಲ್ಲ, ಗೊತ್ತೇ ಆಗ್ಲಿಲ್ಲ!"

"ಒಂದೇ ವಾಸನೇಲಿ ಮುಳುಗಿದ್ರೆ ಮೂಗು ಸುದ್ದಿ ಹೇಳೋದು ನಿಲ್ಲಿಸ್ಬಿಡುತ್ತೆ."

ದೀಪಕ್ಕೆ ಯಾರೂ ಡೀಸೆಲ್ ಹಾಕುವುದಿಲ್ಲ. ಜನರೇಟರ್ ಶೆಡ್ಡಿನ ಕ್ಯಾನು ಹಿಂದಿನ ಮೋರಿಯಲ್ಲಿ ಸಿಕ್ಕಿತು. ಶೆಡ್ಡಿನ ಬೀಗದ ಕೈ ಇದ್ದದ್ದು ಇಬ್ಬರಲ್ಲಿ: ಮಾಲೀಕ, ಮತ್ತೆ ಬತ್ತಿಯನ್ನು ಸೆಂಟಿಗೆ ಅದ್ದುವ ಅಡವಿಯಪ್ಪ. ಅಡವಿಯಪ್ಪ ಶನಿವಾರದಿಂದ ರಜೆ. ಗುಬ್ಬಿ ತಾಲೂಕಿನ ಹಾಗಲವಾಡಿಯ ಅವನ ಮನೆಗೆ ಬೀಗ ಬಿದ್ದಿತ್ತು. ಬೆಳಿಗ್ಗೆ ಕುಣಿಗಲ್‌ಗೆ, ಮಾವನ ಮನೆಗೆ ಹೋದ ಎಂದರು ಪಕ್ಕದವರು.

ಮಧ್ಯಾಹ್ನ ಮೂರಕ್ಕೆ ಕುಣಿಗಲ್. ಅಡವಿಯಪ್ಪ ಮಾವನ ಜಗಲಿಯ ಮೇಲೆ ಕೂತಿದ್ದ. ಸ್ನಾನ ಆಗಿತ್ತು. ಹೆಗಲ ಮೇಲೆ ಒದ್ದೆ ಆರದ ಟವೆಲ್. ಕಾವ್ಯ ಹತ್ತಿರ ಹೋದವಳೇ ಕರ್ಚೀಫ್ ತೆಗೆದು ಮೂಗಿಗೆ ಹಿಡಿದಳು.

"ಕಾರ್ಖಾನೆ ಕಡೆ ಯಾವಾಗ ಹೋಗಿದ್ದೆ?" ಚನ್ನೇಶ್ ಕೇಳಿದ.

"ಶನಿವಾರ್ದಿಂದ ಅತ್ಲಾಗೆ ಹೋಗೇ ಇಲ್ಲ ಸಾರ್."

"ಆ ಟವೆಲ್ ಮೂಸಿ ನೋಡು."

ಅವನು ಮೂಗಿಗಿಟ್ಟು ಜೋರಾಗಿ ಎಳೆದ. "ಸೋಪಿನ ವಾಸ್ನೆ ಸಾರ್."

ಜಗಲಿಯ ಮೂಲೆಯಲ್ಲಿದ್ದ ಮಾವ ದ್ಯಾವಪ್ಪ ತಲೆ ತಗ್ಗಿಸಿದ. "ಬಂದಾಗಿಂದ ಡೀಸೆಲ್ ನಾತ ಹೊಡಿತಾ ಅದೆ ಕಣಪ್ಪ."

ಅಡವಿಯಪ್ಪ ಟವೆಲನ್ನೇ ನೋಡಿದ. "ಎರಡು ಸಲ ಒಗೆದ್ನಲ್ಲ ಮಾವ. ಹೋಗಿಲ್ವಾ?"

ಆಮೇಲೆ ಅವನೇ ಹೇಳಿದ.

"ಹೋದ ತಿಂಗ್ಳು ಒಂದಿನ ನನ್ನ ಹೆಂಡ್ರಿಗೆ ನೆಗಡಿ. 'ಗ್ಯಾಸ್ ವಾಸ್ನೆ ಬತ್ತದಾ ನೋಡು ಬಾ' ಅಂತ ಕರುದ್ಲು. ಮೂಸ್ದೆ. ಏನೂ ಇಲ್ಲ, ಹಚ್ಚು ಅಂದೆ. ಹಚ್ಚುದ್ಲು. ಹದಿನೆಂಟು ವರ್ಷ ಸೆಂಟಿನ ತೊಟ್ಟಿ ಮುಂದೆ ಕುಂತು ಮೂಗು ಸತ್ತೋಗಿರೋದು ನಂಗೇ ಗೊತ್ತಿರ್ಲಿಲ್ಲ ಸಾರ್. ಅವ್ಳನ್ನ ಮಣ್ಣು ಮಾಡಿ ಬಂದು ಯಜಮಾನಂಗೆ ಹೇಳ್ದೆ, ಬೇರೆ ಕೆಲ್ಸ ಕೊಡಿ ಅಂತ. 'ಒಳ್ಳೇದಾಯ್ತು ಬುಡ್ಲಾ, ಇನ್ಮೇಲೆ ಘಾಟು ಅಂತ ಗೊಣಗಲ್ಲ' ಅಂತ ನಕ್ಬುಟ್ಟ."

ಬೆಂಕಿ ಹಚ್ಚಿದ್ದಕ್ಕೆ ಕಲಂ ಇತ್ತು. ಬಂಧನ ಆಯಿತು. ನಕ್ಕಿದ್ದಕ್ಕೆ ಚನ್ನೇಶ್ ಪುಸ್ತಕವೆಲ್ಲ ತಿರುವಿದರೂ ಕಲಂ ಸಿಗಲಿಲ್ಲ. ಸಂಜೆ ಠಾಣೆಯಲ್ಲಿ ಪರಮಶಿವಯ್ಯ ಸಹಿ ಹಾಕಿ, ಇನ್ಶೂರೆನ್ಸ್‌ಗೆ ಎಫ್‌ಐಆರ್ ಪ್ರತಿ ಇಸಿದುಕೊಂಡು ಕಾರು ಹತ್ತಿದ. ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ.

"ನಿಂದೇನೂ ತಪ್ಪಿಲ್ಲಮ್ಮ, ಹೊರಡು," ಎಂದ ಚನ್ನೇಶ್.

ಪುಟ್ಟತಾಯಮ್ಮ ಎದ್ದಳು. ಟೇಬಲ್ಲಿನ ಮೇಲೆ ಕಾವ್ಯ ಆ ಟವೆಲನ್ನು ಕವರಿಗೆ ತುರುಕುತ್ತಿದ್ದಳು. ಇಡೀ ಠಾಣೆ ಮೂಗು ಮುಚ್ಚಿಕೊಂಡಿತ್ತು. ಪುಟ್ಟತಾಯಮ್ಮ ಪಕ್ಕದಲ್ಲೇ ನಿಂತು ಎಲ್ಲರ ಮುಖ ನೋಡಿದಳು.

"ಯಾಕವ್ವ, ಎಲ್ಲಾರೂ ಮೂಗು ಮುಚ್ಕಂಡಿದೀರ?"

ಕಾವ್ಯ ಕವರಿನ ಬಾಯಿ ಮಡಚಿ ಚನ್ನೇಶ್‌ನ ಕಡೆ ನೋಡಿದಳು.

"ಬತ್ತೀನಿ ಸಾರ್. ಮಕ್ಳು ಹಸ್ಕಂಡಿರ್ತವೆ. ಹೋಗಿ ಗ್ಯಾಸ್ ಹಚ್ಬೇಕು."